ಹಾರ್ನ್‌ಬೀಮ್ ಮರವನ್ನು ದಾವಣಗೆರೆಯಲ್ಲಿ ಬೀಜದಿಂದ ಬೆಳೆಸಬಹುದೇ?

ಇಲ್ಲ, ನಮ್ಮ ಬಯಲುಸೀಮೆಯ ಹೊಲದಲ್ಲಿ ಅದು ಬಾಳುವುದಿಲ್ಲ. ಬಿಸಿಲಿಗಿಂತ ದೊಡ್ಡ ತೊಡಕು ಇಲ್ಲಿ ಚಳಿಗಾಲವೇ ಇಲ್ಲದಿರುವುದು.

ಹಾರ್ನ್‌ಬೀಮ್ ಬರ್ಚ್ ಕುಟುಂಬದ ಕಾರ್ಪಿನಸ್ ಕುಲದ್ದು. ಯುರೋಪ್, ಪೂರ್ವ ಏಷ್ಯಾ, ಉತ್ತರ ಅಮೆರಿಕಗಳ ತಂಪು ಕಾಡಿನ ಮರ. ನಮ್ಮ ಹಿಮಾಲಯದಲ್ಲೂ ಇದರ ಜಾತಿಗಳಿವೆ. ಇದರ ಬೀಜ ಮಣ್ಣಿಗೆ ಬಿದ್ದ ಕೂಡಲೇ ಮೊಳೆಯುವುದಿಲ್ಲ. ಸುಮಾರು 4 ಡಿಗ್ರಿ ಚಳಿಯಲ್ಲಿ ಮೂರು ನಾಲ್ಕು ತಿಂಗಳು ಒದ್ದೆಯಾಗಿ ಕಳೆದ ಮೇಲಷ್ಟೇ ಅದರ ನಿದ್ದೆ ಬಿಡುವುದು. ಹಿಮ ಬೀಳುವ ಊರಲ್ಲಿ ಇದು ಜಾಣತನ: ಶರತ್ಕಾಲದಲ್ಲೇ ಮೊಳೆತರೆ ಎಳೆ ಸಸಿ ಚಳಿಗೆ ಸಾಯುತ್ತದೆ, ಹಾಗಾಗಿ ಚಳಿ ಮುಗಿಯುವವರೆಗೂ ಬೀಜ ಕಾಯುತ್ತದೆ. ದಾವಣಗೆರೆಯ ಮಾಗಿಯಲ್ಲಿ ರಾತ್ರಿ 10 ಡಿಗ್ರಿಗಿಂತ ಕೆಳಗಿಳಿಯುವುದೇ ಅಪರೂಪ. ಒದ್ದೆ ಮರಳಿನೊಂದಿಗೆ ಫ್ರಿಜ್‌ನಲ್ಲಿಟ್ಟು ಬೀಜವನ್ನು ಮೊಳೆಸಬಹುದು, ಸರಿ. ಆದರೆ ಬೆಳೆದ ಮರದ ಮೊಗ್ಗೂ ಪ್ರತಿ ವರ್ಷ ಅದೇ ಚಳಿ ಕೇಳುತ್ತದೆ, ಜೊತೆಗೆ ಏಪ್ರಿಲ್‌ನ ಒಣಬಿಸಿಲು ಬೇರೆ.

ನಿಮಗೆ ಬೇಕಿರುವುದು ಅದರ ಗಟ್ಟಿ ಕಟ್ಟಿಗೆಯಾದರೆ ಇಷ್ಟು ದೂರ ಹೋಗುವುದೇ ಬೇಡ. ಯುರೋಪಿನಲ್ಲಿ ಹಾರ್ನ್‌ಬೀಮಿನಿಂದ ಎತ್ತಿನ ನೊಗ, ಹಿಟ್ಟಿನ ಗಿರಣಿಯ ಹಲ್ಲುಚಕ್ರದ ಹಲ್ಲು ಮಾಡುತ್ತಿದ್ದರು. ನಮ್ಮಲ್ಲಿ ಗಾಡಿಯ ಅಚ್ಚಿಗೆ, ಕೊಡಲಿ ಕಾವಿಗೆ ದಿಂಡಿಗದ ಮರವಿದೆ. ಬೂದಿಬಿಳುಪಿನ ನುಣುಪು ಕಾಂಡ, ಗುಂಡಿಯಂಥ ಪುಟ್ಟ ಕಾಯಿಗೊಂಚಲು. ಚಿತ್ರದುರ್ಗದ ಜೋಗಿಮಟ್ಟಿಯಂಥ ಒಣ ಕುರುಚಲು ಕಾಡಿಗೆ ಒಗ್ಗಿದ ಮರವದು. ನನ್ನ ಮಾತು ಕೇಳಿದರೆ ಅದನ್ನೇ ನೆಡಿ.