ಸಭಾಪಾಲಕರು ತಪ್ಪಿ ನಡೆದು ಹೋದ ಮೇಲೆ ಸಭೆ ಮತ್ತೆ ವಿಶ್ವಾಸ ಗಳಿಸುವುದು ಹೇಗೆ?

ನೀವು ಉದ್ದಕ್ಕೆ ಬರೆದದ್ದರ ಸಾರ ಇಷ್ಟು: ನಿಮ್ಮ ಸಭೆಯ (ಚರ್ಚಿನ) ಹಿಂದಿನ ಪಾಲಕರು, ಅಂದರೆ ಪಾಸ್ಟರ್, ಕಟ್ಟಡ ನಿಧಿಯ ಹಣವನ್ನು ಸ್ವಂತಕ್ಕೆ ಬಳಸಿಕೊಂಡರು. ಕಮಿಟಿಯಲ್ಲಿ ಕೆಲವರಿಗೆ ಗೊತ್ತಿದ್ದೂ ಬಾಯಿ ಬಿಡಲಿಲ್ಲ. ಮೊದಲು ಪ್ರಶ್ನೆ ಎತ್ತಿದ ಕುಟುಂಬಕ್ಕೆ ‘ಸಭೆ ಒಡೆಯುವವರು’ ಎಂಬ ಹೆಸರು ಬಂತು. ಈಗ ಬಂದಿರುವ ಹೊಸ ಪಾಲಕರು ಸಜ್ಜನರು. ‘ಆದದ್ದನ್ನು ಕ್ಷಮಿಸಿ, ಮರೆತು, ಮುಂದೆ ಹೋಗೋಣ’ ಎನ್ನುತ್ತಿದ್ದಾರೆ. ಆದರೂ ಭಾನುವಾರ ಬೆಂಚುಗಳು ಅರ್ಧ ಖಾಲಿ. ಎಲ್ಲಿಂದ ಶುರು ಮಾಡಬೇಕು, ಮುಂದಿನ ದಿಕ್ಕು ಏನು, ಮತ್ತು ಈ ಮಧ್ಯೆ ನೀವು ದಶಮಾಂಶ (ಆದಾಯದ ಹತ್ತನೆಯ ಒಂದು ಪಾಲಿನ ಕಾಣಿಕೆ) ಕೊಡಬೇಕೇ ಬೇಡವೇ ಎಂದು ಕೇಳಿದ್ದೀರಿ.

ಕರಾವಳಿಯ ಒಂದು ಹಳೆಯ ಪ್ರೊಟೆಸ್ಟಂಟ್ ಸಭೆಯಲ್ಲಿ ಇಂಥದ್ದೇ ಪ್ರಕರಣ ನಡೆದ ಮೇಲೆ ಖಜಾಂಚಿಯ ಕೆಲಸ ನನ್ನ ಹೆಗಲಿಗೆ ಬಿತ್ತು. ಆಗ ಕಂಡದ್ದರಿಂದ ಹೇಳುತ್ತೇನೆ. ಹೊಸ ಪಾಲಕರು ಎಷ್ಟು ಒಳ್ಳೆಯವರು ಎಂದು ಅಳೆಯುತ್ತ ಕೂರಬೇಡಿ. ಮೊದಲು ದೂರಿದವರು ಈಗ ಸಭೆಯಲ್ಲಿ ಎಲ್ಲಿ ಕೂತಿದ್ದಾರೆ ನೋಡಿ. ಅವರು ಇನ್ನೂ ಹಿಂದಿನ ಬೆಂಚಿನಲ್ಲಿದ್ದರೆ, ಅಥವಾ ಬರುವುದನ್ನೇ ಬಿಟ್ಟಿದ್ದರೆ, ನಿಮ್ಮ ಸಭೆಯಲ್ಲಿ ಪಾಲಕರೊಬ್ಬರು ಬದಲಾಗಿದ್ದಾರೆ ಎಂದಷ್ಟೇ ಅರ್ಥ.

ಇದು ನಾನು ಕಂಡುಹಿಡಿದ ಸಂಗತಿಯೇನಲ್ಲ. ಬೈಬಲಿನಲ್ಲಿ ಅಪೊಸ್ತಲರ ಕೃತ್ಯಗಳು ಎಂಬ ಪುಸ್ತಕದ ಆರನೆಯ ಅಧ್ಯಾಯ ತೆಗೆದು ನೋಡಿ. ಯೆರೂಸಲೇಮಿನ ಸಭೆ ಇನ್ನೂ ಎಳೆಯದು. ಅಷ್ಟರಲ್ಲೇ ದಿನದಿನದ ಹಂಚಿಕೆಯಲ್ಲಿ ಗ್ರೀಕ್ ಮಾತನಾಡುವವರ ವಿಧವೆಯರನ್ನು ಕಡೆಗಣಿಸುತ್ತಿದ್ದಾರೆ ಎಂಬ ಗೊಣಗಾಟ ಎದ್ದಿತು. ಸಭೆಯನ್ನು ನಡೆಸುತ್ತಿದ್ದವರು ಯೇಸುವಿನ ಜೊತೆಗಿದ್ದ ಶಿಷ್ಯರು, ಸಾಕ್ಷಾತ್ ಅಪೊಸ್ತಲರು. ಅವರು ಗೊಣಗಿದವರ ಬಾಯಿ ಮುಚ್ಚಿಸಲಿಲ್ಲ. ಇಡೀ ಸಭೆಯನ್ನು ಕರೆದು, ಏಳು ಜನರನ್ನು ನೀವೇ ಆರಿಸಿಕೊಳ್ಳಿ ಎಂದರು. ಆಯ್ಕೆಯಾದವರು ಸ್ತೆಫನ, ಫಿಲಿಪ್ಪ, ಪ್ರೊಖೊರ, ನಿಕನೋರ, ತಿಮೋನ, ಪರ್ಮೇನ, ನಿಕೊಲಾಯ. ಏಳೂ ಗ್ರೀಕ್ ಹೆಸರುಗಳು. ಅನ್ಯಾಯವಾಯಿತು ಎಂದವರ ಕಡೆಯವರಿಗೇ ಉಗ್ರಾಣದ ಕೀಲಿಕೈ ಸಿಕ್ಕಿತು ಎಂದು ನಾನು ಓದಿಕೊಳ್ಳುತ್ತೇನೆ. ಸ್ತೆಫನ ರಕ್ತಸಾಕ್ಷಿಯಾದ ಕಥೆಯನ್ನು ಸಂಡೇ ಸ್ಕೂಲಿನಿಂದ ಕೇಳುತ್ತ ಬಂದಿದ್ದೇವೆ; ಆತ ಮೊದಲು ಹೊಣೆಗೆ ಬಂದದ್ದು ಊಟ ಬಡಿಸುವ ತಕರಾರಿನಿಂದ ಎಂಬುದನ್ನು ಒತ್ತಿ ಹೇಳುವ ಪ್ರಸಂಗ ನನ್ನ ಕಿವಿಗೆ ಬಿದ್ದದ್ದು ಅಪರೂಪ.

ಇದರ ತದ್ವಿರುದ್ಧ ದಾರಿ ಹಿಡಿದರೆ ಏನಾಗುತ್ತದೆ ಎಂಬುದಕ್ಕೆ ಅಮೆರಿಕದ ಷಿಕಾಗೋ ಹೊರವಲಯದ ವಿಲೋ ಕ್ರೀಕ್ ಸಭೆಯನ್ನು ನೋಡಬಹುದು. 1975ರಲ್ಲಿ ಬಿಲ್ ಹೈಬಲ್ಸ್ ಶುರು ಮಾಡಿದ ಈ ಸಭೆ ಆ ದೇಶದ ಅತಿ ದೊಡ್ಡ ಸಭೆಗಳಲ್ಲಿ ಒಂದಾಗಿ ಬೆಳೆಯಿತು. ನಾಯಕತ್ವ ಹೇಗಿರಬೇಕು ಎಂದು ಲೋಕದ ಪಾಲಕರಿಗೆಲ್ಲ ಪಾಠ ಹೇಳುತ್ತಿದ್ದ ಸಭೆ ಅದು. 2014ರಿಂದಲೇ ಒಳಗಿನ ಕೆಲವರು ಹೈಬಲ್ಸ್ ಮಹಿಳೆಯರ ಜೊತೆ ನಡೆದುಕೊಳ್ಳುವ ರೀತಿಯ ಬಗ್ಗೆ ಹಿರಿಯರ ಮಂಡಳಿಯ ಮುಂದೆ ಕಳವಳ ತೋಡಿಕೊಂಡಿದ್ದರು. 2018ರ ಮಾರ್ಚ್‌ನಲ್ಲಿ ಷಿಕಾಗೋ ಟ್ರಿಬ್ಯೂನ್ ಪತ್ರಿಕೆ ಹಲವು ಮಹಿಳೆಯರ ಆರೋಪಗಳನ್ನು ಪ್ರಕಟಿಸಿತು. ಹೈಬಲ್ಸ್ ಎಲ್ಲವನ್ನೂ ನಿರಾಕರಿಸಿದರು. ಹಿರಿಯರು ಅವರ ಬೆನ್ನಿಗೆ ನಿಂತರು, ಆರೋಪಿಸಿದವರ ಉದ್ದೇಶವನ್ನೇ ಶಂಕಿಸಿದರು. ಏಪ್ರಿಲ್‌ನಲ್ಲಿ ಹೈಬಲ್ಸ್ ಅವಧಿಗೆ ಮುಂಚೆಯೇ ನಿವೃತ್ತರಾದರು. ಆಗಸ್ಟ್‌ನಲ್ಲಿ ಅವರ ಹಿಂದಿನ ಸಹಾಯಕಿಯೊಬ್ಬರ ಹೇಳಿಕೆ ನ್ಯೂಯಾರ್ಕ್ ಟೈಮ್ಸ್‌ನಲ್ಲಿ ಬಂದದ್ದೇ ತಡ, ಒಂದೇ ವಾರದೊಳಗೆ ಉತ್ತರಾಧಿಕಾರಿಗಳೆಂದು ಗೊತ್ತಾಗಿದ್ದ ಇಬ್ಬರೂ ಹೊರನಡೆದರು. ಇಡೀ ಹಿರಿಯರ ಮಂಡಳಿಯೂ ರಾಜೀನಾಮೆ ಕೊಟ್ಟಿತು. 2019ರ ಫೆಬ್ರವರಿಯಲ್ಲಿ ಹೊರಗಿನ ಸಲಹಾ ತಂಡವೊಂದು ಆರೋಪಗಳು ನಂಬಲರ್ಹ ಎಂದು ವರದಿ ಕೊಟ್ಟಿತು.

ನನಗೆ ಈ ಕಥೆಯಲ್ಲಿ ಮುಖ್ಯವಾಗಿ ಕಾಣುವುದು ಮಾರ್ಚ್‌ನಿಂದ ಆಗಸ್ಟ್‌ವರೆಗಿನ ಆ ಕೆಲವು ತಿಂಗಳು. ಒಬ್ಬ ಮನುಷ್ಯನ ಮೇಲಿನ ಆರೋಪ ಆ ಅವಧಿಯಲ್ಲಿ ಇಡೀ ಮಂಡಳಿಯ ಮೇಲಿನ ಆರೋಪವಾಗಿ ಬೆಳೆಯಿತು. ಸಿಯಾಟಲ್‌ನ ಮಾರ್ಸ್ ಹಿಲ್ ಸಭೆಯದ್ದು ಇನ್ನೂ ಕೆಟ್ಟ ಕಥೆ: 2014ರ ಅಕ್ಟೋಬರ್‌ನಲ್ಲಿ ಸ್ಥಾಪಕ ಪಾಲಕ ಮಾರ್ಕ್ ಡ್ರಿಸ್ಕಾಲ್ ರಾಜೀನಾಮೆ ಕೊಟ್ಟರು, ಮುಂದಿನ ವರ್ಷ ಹುಟ್ಟುವ ಹೊತ್ತಿಗೆ ಆ ಹೆಸರಿನ ಸಂಸ್ಥೆಯೇ ಉಳಿಯಲಿಲ್ಲ, ಅದರ ಶಾಖೆಗಳು ಬಿಡಿಬಿಡಿ ಸಭೆಗಳಾದವು, ಕೆಲವು ಮುಚ್ಚಿದವು. ಎಲ್ಲವನ್ನೂ ಒಬ್ಬರ ಮೇಲೆ ಕಟ್ಟಿದ್ದರು.

ನಮ್ಮಲ್ಲಿ ಅಷ್ಟು ದೊಡ್ಡ ಸಂಸ್ಥೆಯೂ ಇರಲಿಲ್ಲ, ಪತ್ರಿಕೆಗಳೂ ಬರಲಿಲ್ಲ. ವಿಶ್ವಾಸ ಹೋಗಿದೆ ಎಂದು ನನಗೆ ಖಾತ್ರಿಯಾದದ್ದು ಬೆಳೆ ಹಬ್ಬದ ಏಲಂನಲ್ಲಿ. ಗೊತ್ತಿಲ್ಲದವರಿಗಾಗಿ ಹೇಳಬೇಕು: ಜನ ಮನೆಯಿಂದ ತಂದ ತೆಂಗಿನಕಾಯಿ, ಬಾಳೆಗೊನೆ, ಸೌತೆಕಾಯಿ, ಊರ ಕೋಳಿ, ಕೇಕು ಎಲ್ಲವನ್ನೂ ಆರಾಧನೆ ಮುಗಿದ ಮೇಲೆ ಅಂಗಳದಲ್ಲಿ ಏಲಂ ಹಾಕುತ್ತಾರೆ. ಪೇಟೆಯಲ್ಲಿ ನೂರಕ್ಕೆ ಸಿಗುವ ವಸ್ತುವಿಗೆ ಸಾವಿರ ಕೂಗುವುದು ಅಲ್ಲಿನ ರಿವಾಜು, ಏಕೆಂದರೆ ಕೂಗುವವರು ಕಾಣಿಕೆ ಕೊಡುತ್ತಿರುತ್ತಾರೆ. ಗೆದ್ದವರು ಅದನ್ನೇ ಮತ್ತೆ ಏಲಂಗೆ ಬಿಡುವುದೂ ಉಂಟು. ಆ ವರ್ಷ ಏಲಂ ಕೂಗುವವರು ಎಂದಿನಂತೆ ನಗೆಚಾಟಿಕೆ ಹಾರಿಸುತ್ತಲೇ ಇದ್ದರು. ಒಬ್ಬ ಹಿರಿಯರು ಮುಂದೆ ಬಂದು ಗೊನೆಯ ಹಣ್ಣುಗಳನ್ನು ಬೆರಳಿಟ್ಟು ಎಣಿಸಿದರು, ಪೇಟೆ ದರ ಎಷ್ಟೋ ಅಷ್ಟು ಹೇಳಿದರು, ಸುಮ್ಮನಾದರು. ಅದರ ಮೇಲೆ ಯಾರೂ ಕೂಗಲಿಲ್ಲ. ಜಗಳವಾಡುವಷ್ಟು ಆಸ್ಥೆಯೂ ಜನರಲ್ಲಿ ಉಳಿದಿರಲಿಲ್ಲ.

ಆಮೇಲೆ ನಡೆದದ್ದರಲ್ಲಿ ನಿಮಗೆ ಉಪಯೋಗವಾಗುವುದನ್ನು ಹೇಳುತ್ತೇನೆ. ಸಭೆಗೆ ಸಂಬಂಧವಿಲ್ಲದ ಚಾರ್ಟರ್ಡ್ ಅಕೌಂಟೆಂಟ್ ಒಬ್ಬರಿಂದ ಹಿಂದಿನ ವರ್ಷಗಳ ಲೆಕ್ಕ ತೆಗೆಸಿದೆವು. ವರದಿಯನ್ನು ಸದಸ್ಯರೆಲ್ಲ ಸೇರುವ ಸಾಮಾನ್ಯ ಸಭೆಯಲ್ಲಿ ಪೂರ್ತಿ ಓದಿದೆವು. ಎಷ್ಟು ಹೋಗಿದೆ, ಯಾವ ಖಾತೆಯಿಂದ, ಯಾವ ಚೆಕ್ಕಿಗೆ ಯಾರ ಸಹಿ ಇತ್ತು ಎಂಬುದೂ ಸೇರಿ. ಓದುವಾಗ ‘ಇಷ್ಟೆಲ್ಲ ಹೊರಗೆ ಹೇಳಬೇಕೇ’ ಎಂದು ಗೊಣಗಿದವರೇ ಮಾರನೆಯ ವಾರ ಬಂದು ವರದಿಯ ಪ್ರತಿ ಕೇಳಿದರು.

ಅದಕ್ಕಿಂತ ಕಷ್ಟವಾದದ್ದು ನಡಾವಳಿ ಪುಸ್ತಕದ ಕೆಲಸ. ಮೊದಲು ಪ್ರಶ್ನೆ ಕೇಳಿದವರು ಒಬ್ಬ ನಿವೃತ್ತ ಶಿಕ್ಷಕಿ. ಅವರು ‘ಸಭೆಯ ಸಮಾಧಾನ ಕೆಡಿಸುತ್ತಿದ್ದಾರೆ’ ಎಂದು ಹಿಂದಿನ ಕಮಿಟಿ ನಿರ್ಣಯವನ್ನೇ ಬರೆದಿಟ್ಟಿತ್ತು. ಬಾಯಿಮಾತಿನಲ್ಲಿ ಕ್ಷಮೆ ಕೇಳಿ ಮುಗಿಸೋಣ ಎಂದು ಕೆಲವರ ಅಭಿಪ್ರಾಯ. ಅವರ ಮೇಲಿನ ಆರೋಪ ಬರಹದಲ್ಲಿದೆ, ಅದನ್ನು ರದ್ದು ಮಾಡುವುದೂ ಬರಹದಲ್ಲೇ ಆಗಬೇಕು ಎಂದು ನಾವು ಹಟ ಹಿಡಿದೆವು. ಅದೇ ಪುಸ್ತಕದಲ್ಲಿ, ಹಳೆಯ ನಿರ್ಣಯದ ದಿನಾಂಕ ನಮೂದಿಸಿ, ಅದು ತಪ್ಪಾಗಿತ್ತು, ಅವರು ಕೇಳಿದ್ದು ಸರಿಯಾಗಿತ್ತು ಎಂದು ಬರೆದು, ಹಳೆಯ ಕಮಿಟಿಯಲ್ಲಿದ್ದು ಉಳಿದವರಿಂದಲೂ ಸಹಿ ಹಾಕಿಸಿದೆವು. ಒಬ್ಬರು ಸಹಿ ಹಾಕಲಿಲ್ಲ. ಹಾಕಲಿಲ್ಲ ಎಂಬುದನ್ನೂ ಬರೆದೆವು.

ಶಿಕ್ಷಕಿಯನ್ನು ಕಮಿಟಿಗೆ ಕರೆದಾಗ ಬರುವುದಿಲ್ಲ ಎಂದರು. ಕಾಣಿಕೆ ಎಣಿಸುವುದಾದರೆ ಬರುತ್ತೇನೆ ಎಂದರು. ಅಂದಿನಿಂದ ಆರಾಧನೆ ಮುಗಿದ ಕೂಡಲೇ ವೆಸ್ಟ್ರಿಯ (ಚರ್ಚಿನ ಪಕ್ಕದ ಕೋಣೆಯ) ಮೇಜಿನ ಮೇಲೆ ಕಾಣಿಕೆ ಚೀಲಗಳನ್ನು ಮಗುಚಿ, ಒಂದೇ ಮನೆಯವರಲ್ಲದ ಮೂವರು ಎಣಿಸುತ್ತಾರೆ. ನೋಟುಗಳ ವಿವರ ಬರೆದ ಚೀಟಿಗೆ ಮೂವರ ಸಹಿ. ಮೊತ್ತ ಬಾಗಿಲ ಬಳಿಯ ಫಲಕದ ಮೇಲೆ. ಪಾಲಕರು ಆ ಮೇಜಿನ ಹತ್ತಿರ ಬರುವುದಿಲ್ಲ, ಬ್ಯಾಂಕಿನಲ್ಲಿ ಅವರ ಸಹಿಯೂ ಇಲ್ಲ. ಇದು ಪಾಲಕರಿಗೆ ಅವಮಾನ ಎಂದು ನಿಮ್ಮಲ್ಲಿ ಯಾರಾದರೂ ಎದ್ದು ನಿಲ್ಲುವುದು ಖಂಡಿತ. ಅವರಿಗೆ ಕೊರಿಂಥದವರಿಗೆ ಬರೆದ ಎರಡನೆಯ ಪತ್ರಿಕೆಯ ಎಂಟನೆಯ ಅಧ್ಯಾಯ ತೋರಿಸಿ. ಯೂದಾಯದ ಬಡವರಿಗಾಗಿ ಹಣ ಕೂಡಿಸುವ ಕೆಲಸಕ್ಕೆ, ಆ ಪತ್ರ ಬರೆದ ಪೌಲ ತನ್ನ ಜೊತೆಗಾರ ತೀತನೊಬ್ಬನನ್ನೇ ಕಳುಹಿಸುವುದಿಲ್ಲ. ಸಭೆಗಳು ಆರಿಸಿದ ಸಹೋದರನನ್ನೂ ಜೊತೆಗೆ ಕಳುಹಿಸುತ್ತಾನೆ. ಈ ದೊಡ್ಡ ಮೊತ್ತದ ವಿಷಯದಲ್ಲಿ ಯಾರೂ ನಮ್ಮ ಮೇಲೆ ತಪ್ಪು ಹೊರಿಸಬಾರದು ಎಂಬ ಕಾರಣವನ್ನೂ ಕೊಡುತ್ತಾನೆ. ಪೌಲನಿಗೆ ಬೇಕಾದ ಕಾವಲು ನಮ್ಮ ಊರಿನ ಪಾಲಕರಿಗೆ ಬೇಡವೇ?

‘ಕ್ಷಮಿಸಿ ಮರೆಯಿರಿ’ ಎಂಬ ಮಾತಿನ ಬಗ್ಗೆ. ಕ್ಷಮೆ ವಿಶ್ವಾಸಿಗಳಾದ ನಮಗೆ ಆಯ್ಕೆಯ ವಿಷಯವೇ ಅಲ್ಲ, ಒಪ್ಪುತ್ತೇನೆ. ಆದರೆ ಕ್ಷಮಿಸಬೇಕಾದವರ ಪರವಾಗಿ ಕಮಿಟಿ ಕ್ಷಮಿಸಲು ಬರುವುದಿಲ್ಲ. ಯೇಸು ಮನೆಗೆ ಬಂದಾಗ ತೆರಿಗೆ ವಸೂಲಿ ಮಾಡುವ ಜಕ್ಕಾಯ, ಅನ್ಯಾಯವಾಗಿ ತೆಗೆದುಕೊಂಡಿದ್ದರೆ ನಾಲ್ಕರಷ್ಟು ಹಿಂದೆ ಕೊಡುತ್ತೇನೆ ಎಂದನು. ಅವನಿಗೆ ಯಾರೂ ‘ಅದೆಲ್ಲ ಬೇಡ, ಮರೆತುಬಿಡೋಣ’ ಎನ್ನಲಿಲ್ಲ. ನಿಮ್ಮ ಹೊಸ ಪಾಲಕರು ಹಾಗೆ ಹೇಳುತ್ತಿರುವುದು ಕೆಟ್ಟ ಬುದ್ಧಿಯಿಂದ ಇರಲಾರದು. ಬಂದ ಕೂಡಲೇ ಊರಿನ ಹಳೆಯ ಜಗಳ ತಲೆಗೆ ಕಟ್ಟಿದರೆ ಯಾರಾದರೂ ಹಾಗೆಯೇ ಹೇಳಿಯಾರು. ಆದ್ದರಿಂದ ಲೆಕ್ಕ ತೆಗೆಸುವ ಹೊಣೆಯನ್ನು ಅವರ ಮೇಲೆ ಹಾಕಬೇಡಿ, ಸಭಾಸದಸ್ಯರೇ ಹೊರಿ. ಡಯಾಸಿಸ್‌ಗೆ (ಬಿಷಪ್ಪರ ಆಡಳಿತದ ಪ್ರಾಂತಕ್ಕೆ) ಸೇರಿದ ಸಭೆಯಾದರೆ ಇವತ್ತಿನ ಪಾಲಕರಿಗೆ ನಾಳೆ ವರ್ಗಾವಣೆ ಇದ್ದೇ ಇದೆ. ಅವರ ಒಳ್ಳೆಯತನವನ್ನು ನಂಬಿ ಕಟ್ಟಿದ ವ್ಯವಸ್ಥೆ ಅವರ ಲಗೇಜಿನ ಜೊತೆಗೇ ಹೋಗುತ್ತದೆ.

ಕಾನೂನಿನ ವಿಷಯವನ್ನು ಬೇಗ ಹೇಳಿ ಮುಗಿಸುತ್ತೇನೆ. ನಿಮ್ಮದು ಸ್ವತಂತ್ರ ಸಭೆಯಾದರೆ ಟ್ರಸ್ಟ್ ಪತ್ರ ತರಿಸಿ ಟ್ರಸ್ಟಿಗಳು ಯಾರು ನೋಡಿ. ಪಾಲಕರು, ಅವರ ಪತ್ನಿ, ಅವರ ಮಗ ಎಂದಿದ್ದರೆ ರೋಗದ ಮೂಲ ಅಲ್ಲೇ ಇದೆ. ವಿದೇಶದಿಂದ ಹಣ ಬರುತ್ತಿದ್ದರೆ, ವಿದೇಶಿ ದೇಣಿಗೆ ಕಾಯ್ದೆಯ 2020ರ ತಿದ್ದುಪಡಿಯ ಪ್ರಕಾರ ಅದು ಸ್ಟೇಟ್ ಬ್ಯಾಂಕಿನ ನವದೆಹಲಿ ಮುಖ್ಯ ಶಾಖೆಯ ಖಾತೆಗೇ ಮೊದಲು ಬರಬೇಕು. ಬೇರೆ ದಾರಿಯಲ್ಲಿ ಬಂದಿದ್ದರೆ ಅದು ಸಭೆಯೊಳಗೆ ಇತ್ಯರ್ಥವಾಗುವ ಸಂಗತಿಯಲ್ಲ. ಇನ್ನೊಂದು ಮಾತು, ನೀವು ಕೇಳದಿದ್ದರೂ: ಹಣದ ವಿಚಾರಣೆ ನಡೆಯುವಾಗ ಬೇರೆ ದೂರುಗಳೂ ಹೊರಬರುವುದುಂಟು. ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯದ ಸುಳಿವು ಸಿಕ್ಕಿದರೆ 2012ರ ಪೋಕ್ಸೊ ಕಾಯ್ದೆಯಂತೆ ಪೊಲೀಸರಿಗೆ ತಿಳಿಸಲೇಬೇಕು, ತಿಳಿಸದಿರುವುದೇ ಅಪರಾಧ. ಅಂಥದ್ದಕ್ಕೆ ಸಭೆಯ ಹಿರಿಯರ ಪಂಚಾಯಿತಿ ಕೂಡಿಸಬೇಡಿ.

ಮುಂದಿನ ದಿಕ್ಕು ಏನು ಎಂದೂ ಕೇಳಿದ್ದೀರಿ. ಇಂಥ ಹೊತ್ತಿನಲ್ಲಿ ದೊಡ್ಡ ‘ದರ್ಶನ’ದ ಆಸೆ ಹುಟ್ಟುತ್ತದೆ: ಹೊಸ ಘೋಷವಾಕ್ಯ, ಹೊಸ ಕಟ್ಟಡ, ಹೊಸ ಸೌಂಡ್ ಸಿಸ್ಟಮ್. ನನಗೆ ಅದರಲ್ಲಿ ನಂಬಿಕೆಯಿಲ್ಲ. ಕಟ್ಟಡ ನಿಧಿಯಲ್ಲೇ ಏಟು ತಿಂದ ಸಭೆ ಮತ್ತೊಂದು ಕಟ್ಟಡ ನಿಧಿ ತೆರೆಯುವುದಂತೂ ನಗೆಪಾಟಲು. ಕೆಟ್ಟ ದಿನಗಳಲ್ಲೂ ನಿಲ್ಲದೆ ನಡೆದದ್ದು ಏನು ಎಂದು ಹುಡುಕಿ. ನಮ್ಮಲ್ಲಿ ಮಹಿಳೆಯರ ಕೂಟದವರು ರೋಗಿಗಳ ಮನೆಗೆ ಹೋಗುವುದನ್ನು ಒಂದು ವಾರವೂ ಬಿಟ್ಟಿರಲಿಲ್ಲ; ಅವರಿಗೆ ಸಭೆಯ ಬಜೆಟ್ಟಿನಿಂದ ಆಟೋ ಖರ್ಚೂ ಸಿಗುತ್ತಿರಲಿಲ್ಲ. ಮೊದಲ ವರ್ಷ ಹಣ ಅಲ್ಲಿಗೆ ಹೋಯಿತು. ಮೇಲಿನವರಿಲ್ಲದೆ ಉಳಿಯುವುದು ಕರಾವಳಿಯ ಹಳೆಯ ಸಭೆಗಳಿಗೆ ಹೊಸದೇನೂ ಅಲ್ಲ. ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್ 1834ರಲ್ಲಿ ಮಂಗಳೂರಿಗೆ ಬಂತು; ಅದರ ಜರ್ಮನ್ ಪಾದ್ರಿಗಳನ್ನು ಮೊದಲ ಮಹಾಯುದ್ಧದ ಕಾಲದಲ್ಲಿ ಸರ್ಕಾರ ಬಂಧನದಲ್ಲಿಟ್ಟು ಆಮೇಲೆ ದೇಶದಿಂದ ಕಳುಹಿಸಿತು. ಅವರ ಹೆಂಚಿನ, ನೇಯ್ಗೆಯ ಕಾರ್ಖಾನೆಗಳೂ ಬೇರೆಯವರ ಕೈಗೆ ಹೋದವು. ಅದು ಯಾರ ತಪ್ಪೂ ಅಲ್ಲ, ನಿಮ್ಮ ಪ್ರಕರಣಕ್ಕೆ ಹೋಲಿಸುವಂಥದ್ದೂ ಅಲ್ಲ. ಆದರೆ ಮೇಲಿನವರು ಇಲ್ಲವಾದಾಗಲೂ ಆ ಸಭೆಗಳು ಉಳಿದವು.

ಬಿಟ್ಟುಹೋದ ಕುಟುಂಬಗಳ ಮನೆಗೆ ‘ದಯವಿಟ್ಟು ಬನ್ನಿ’ ಎಂದು ಬರಿಗೈಯಲ್ಲಿ ಹೋಗಬೇಡಿ. ಲೆಕ್ಕದ ವರದಿಯ ಪ್ರತಿ ಕೊಂಡೊಯ್ಯಿರಿ, ಕೊಟ್ಟು, ಕಾಫಿ ಕುಡಿದು ಬನ್ನಿ. ಬನ್ನಿ ಎಂದು ಒತ್ತಾಯಿಸಬೇಡಿ. ಕೆಲವರು ಬರುತ್ತಾರೆ, ಕೆಲವರು ಬೇರೆ ಸಭೆಯಲ್ಲಿ ನೆಮ್ಮದಿಯಾಗಿರುತ್ತಾರೆ. ಅವರನ್ನು ಹಿಂದಿರುಗಿಸಿ ಲೆಕ್ಕ ಭರ್ತಿ ಮಾಡಿಕೊಳ್ಳುವುದು ನಿಮ್ಮ ಕೆಲಸವಲ್ಲ.

ದಶಮಾಂಶದ ವಿಷಯ: ಕೊಡುವುದನ್ನು ನಿಲ್ಲಿಸಬೇಡಿ, ಆದರೆ ಚೀಲಕ್ಕೆ ನಗದು ಹಾಕುವ ಬದಲು ಬ್ಯಾಂಕಿನ ಮೂಲಕ ಸಭೆಯ ಖಾತೆಗೇ ಕೊಟ್ಟು ರಸೀದಿ ಕೇಳಿ ಪಡೆಯಿರಿ. ಮುಂದಿನ ಸಾಮಾನ್ಯ ಸಭೆಯ ನೋಟಿಸು ಬಂದ ದಿನ ಕಾರ್ಯಸೂಚಿಯಲ್ಲಿ ಲೆಕ್ಕಪರಿಶೋಧಕರ ನೇಮಕದ ವಿಷಯ ಇದೆಯೇ ನೋಡಿ. ಇಲ್ಲದಿದ್ದರೆ ಇನ್ನೂ ನಾಲ್ಕು ಮನೆಯವರ ಸಹಿ ಪಡೆದು, ಅದನ್ನು ಸೇರಿಸಿ ಎಂದು ಕಾರ್ಯದರ್ಶಿಗೆ ಪತ್ರ ಕೊಡಿ. ಪತ್ರ ತಲುಪಿದೆ ಎಂದು ನಿಮ್ಮ ಪ್ರತಿಯ ಮೇಲೆ ಬರೆಸಿಕೊಳ್ಳಿ. ಆ ನಾಲ್ಕು ಮನೆಗಳಲ್ಲಿ ಮೊದಲು ಹೋಗಬೇಕಾದದ್ದು ಯಾರ ಮನೆಗೆ ಎಂದು ನಿಮಗೆ ಗೊತ್ತಿದೆ.