ಬೆಳಿಗ್ಗೆ 168 ಸೆಂ.ಮೀ. ಇದ್ದವನು ಸಂಜೆ 167 ಆಗುವುದು ಹೇಗೆ?

ಪೊಲೀಸ್ ನೇಮಕಾತಿಗೆ ತಯಾರಾಗುತ್ತಿರುವ ನಿಮ್ಮ 22ರ ತಮ್ಮ ಬೆಳಿಗ್ಗೆ 168, ಸಂಜೆ 167 ಬರುತ್ತಾನೆ, ಯಾವುದು ಸರಿ ಅಂತ ಕೇಳಿದ್ದೀರಿ. ಕಂಬಿಗೆ ಜೋತುಬಿದ್ದರೆ ಎತ್ತರ ಆಗುತ್ತಾನಾ ಅಂತಲೂ. ನಾನು ಬಯೋಮೆಕ್ಯಾನಿಕ್ಸ್, ಅಂದರೆ ದೇಹದ ಮೇಲೆ ಬೀಳುವ ಭಾರ, ಬಲಗಳ ಪಾಠ ಮಾಡುವವನು. ಎರಡು ಅಳತೆಯೂ ಸರಿ. ದಿನದಲ್ಲಿ ಒಂದೂವರೆ ಸೆಂ.ಮೀ.ನಷ್ಟು ಇಳಿಯುವುದು ಮಾಮೂಲು.

ಇಳಿಯುವುದು ಮೂಳೆಯಲ್ಲ, ಬೆನ್ನುಮೂಳೆಯ ಮಣಿಗಳ ನಡುವಿನ ಡಿಸ್ಕ್. ಅಂಥವು 23 ಇವೆ. ಬೆನ್ನಿನ ಉದ್ದದಲ್ಲಿ ಹೆಚ್ಚುಕಡಿಮೆ ಕಾಲುಭಾಗ ಅವುಗಳದ್ದೇ. ಒಳಗಿನ ತಿರುಳು ಬಹುಪಾಲು ನೀರು. ಅದರಲ್ಲಿರುವ ಪ್ರೋಟಿಯೋಗ್ಲೈಕಾನ್ ಅಣುಗಳ ಋಣ ವಿದ್ಯುದಂಶ ಸೋಡಿಯಂ ಅನ್ನು ಹಿಡಿದಿಡುತ್ತದೆ, ಅದರ ಹಿಂದೆ ನೀರು ಬರುತ್ತದೆ. ಸುತ್ತಲೂ ಕೊಲಾಜೆನ್ ನಾರಿನ ಪದರಗಳು, ಒಂದರದ್ದು ಎಡಕ್ಕೆ ಓರೆಯಾದರೆ ಮುಂದಿನದರದ್ದು ಬಲಕ್ಕೆ.

ಇದು ಬರೀ ಸ್ಪ್ರಿಂಗ್ ಆಗಿದ್ದರೆ ಎದ್ದು ನಿಂತ ಕ್ಷಣವೇ ಕುಗ್ಗಿ ಅಲ್ಲಿಗೇ ನಿಲ್ಲುತ್ತಿತ್ತು. ಡಿಸ್ಕ್ ಹಾಗಲ್ಲ. ಭಾರ ಅಷ್ಟೇ ಇದ್ದರೂ ಹೊತ್ತು ಕಳೆದಂತೆ ಕುಗ್ಗುತ್ತಲೇ ಹೋಗುತ್ತದೆ, ಯಾಕೆಂದರೆ ನೀರು ಬಹಳ ಸಣ್ಣ ಸಂದುಗಳಲ್ಲಿ ನುಸುಳಿ ಹೊರಬರಬೇಕು. ಇದಕ್ಕೆ ಕ್ರೀಪ್ ಎನ್ನುತ್ತಾರೆ. ಮೊದಮೊದಲು ಜೋರು, ಆಮೇಲೆ ನಿಧಾನ: ದಿನದ ಒಟ್ಟು ಇಳಿಕೆಯಲ್ಲಿ ಅರ್ಧದಷ್ಟು ಎದ್ದ ಮೊದಲ ಗಂಟೆಯಲ್ಲೇ ಮುಗಿಯುತ್ತದೆ. ರಾತ್ರಿ ಮಲಗಿದಾಗ ಭಾರ ತಗ್ಗಿ ನೀರು ವಾಪಸ್ ಬರುತ್ತದೆ.

ಇದನ್ನು ಬದುಕಿರುವ ಮನುಷ್ಯನಲ್ಲೇ ಅಳೆದಿದ್ದಾರೆ. ಜರ್ಮನಿಯ ವಿಲ್ಕೆ ಮತ್ತು ಸಂಗಡಿಗರು ಒಬ್ಬ ಸ್ವಯಂಸೇವಕನ ಸೊಂಟದ ಡಿಸ್ಕ್‌ನೊಳಗೇ ಒತ್ತಡಮಾಪಕ ಇಟ್ಟರು (ಒಪ್ಪಿಕೊಂಡ ಪುಣ್ಯಾತ್ಮನೂ ಮೂಳೆ ಡಾಕ್ಟರೇ!). 1999ರಲ್ಲಿ ಪ್ರಕಟವಾದ ಅಂಕಿಗಳ ಪ್ರಕಾರ ಮಲಗಿದಾಗ ಒತ್ತಡ 0.1 ಮೆಗಾಪಾಸ್ಕಲ್ (ಒತ್ತಡ ಅಳೆಯುವ ಮಾನ), ನಿಂತಾಗ 0.5, ಬೆನ್ನು ಬಗ್ಗಿಸಿ 20 ಕೆ.ಜಿ. ಎತ್ತಿದಾಗ 2.3. ನನಗೆ ಎಲ್ಲಕ್ಕಿಂತ ಇಷ್ಟವಾಗುವುದು ನಿದ್ದೆಯ ಅಂಕಿ: ಏಳು ಗಂಟೆಯಲ್ಲಿ 0.1 ಇದ್ದದ್ದು 0.24ಕ್ಕೆ ಏರಿತು. ಸುಮ್ಮನೆ ಮಲಗಿದ್ದವನ ಡಿಸ್ಕ್ ನೀರು ಕುಡಿದು ಕಾರಿನ ಟೈರಿನಷ್ಟು ಬಿಗಿಯಾಗಿತ್ತು.

ಎತ್ತರಕ್ಕಿಂತ ನೀವು ಗಮನಿಸಬೇಕಾದ್ದು ಇಲ್ಲೇ ಇದೆ. ಊದಿಕೊಂಡ ಡಿಸ್ಕ್ ಬಗ್ಗಲು ಒಲ್ಲೆ ಎನ್ನುತ್ತದೆ, ಹಾಗಾಗಿ ಅದೇ ಬಾಗು ಬೆಳಗಿನ ಜಾವ ನಾರುಗಳನ್ನು ಹೆಚ್ಚು ಜಗ್ಗುತ್ತದೆ. ನಿಮ್ಮ ತಮ್ಮ ಹಾಸಿಗೆಯಿಂದ ಎದ್ದವನೇ ಕಾಲ್ಬೆರಳು ಮುಟ್ಟುವ ಕಸರತ್ತು ಮಾಡುತ್ತಿದ್ದರೆ ನಿಲ್ಲಿಸಿ. ಒಂದು ಗಂಟೆ ಓಡಾಡಿ ಆಮೇಲೆ ಮಾಡಲಿ.

ಇನ್ನು ಕಂಬಿ. ಜೋತುಬಿದ್ದಾಗ ಒಂದಷ್ಟು ಮಿಲಿಮೀಟರ್ ಸಿಗುತ್ತದೆ, ಇಳಿದು ಓಡಾಡಿದರೆ ಹೋಗುತ್ತದೆ. 22ಕ್ಕೆ ಕಾಲಿನ ಮೂಳೆಗಳ ಬೆಳವಣಿಗೆಯ ತುದಿಗಳು ಮುಚ್ಚಿಕೊಂಡಿರುತ್ತವೆ, ಕಾಯಂ ಎತ್ತರ ಹೆಚ್ಚುವುದಿಲ್ಲ. ದುಡ್ಡು ಕೇಳುವ ಎತ್ತರದ ಪುಡಿಗಳ ಕಡೆ ತಿರುಗಿಯೂ ನೋಡಬೇಡಿ. ಅಳತೆಯ ದಿನ ಬಸ್ಸಿನಲ್ಲಿ ರಾತ್ರಿಯಿಡೀ ಕೂತು ಹೋಗದೆ ಹಿಂದಿನ ದಿನವೇ ತಲುಪಿ ಚೆನ್ನಾಗಿ ಮಲಗಲಿ, ಸರದಿ ಬರುವವರೆಗೆ ಜಾಗ ಸಿಕ್ಕರೆ ಅಂಗಾತ ಮಲಗಿರಲಿ.