ಆರು ಎಕರೆ ತೋಟದ ಪಿಕಪ್‌ಗೆ ಫೋರ್ ವೀಲ್ ಡ್ರೈವ್ ಬೇಕೇ?

ನಿಮ್ಮ ಪ್ರಶ್ನೆ ನನಗೆ ಅರ್ಥವಾಗಿದ್ದು ಹೀಗೆ: ಮೂಡಿಗೆರೆ ಕಡೆ ಆರು ಎಕರೆ ಕಾಫಿ ತೋಟ, ಡಾಂಬರು ರಸ್ತೆಯಿಂದ ಮನೆಗೆ ಒಂದೂವರೆ ಕಿಲೋಮೀಟರ್ ಮಣ್ಣು ದಾರಿ. ಪಿಕಪ್ ತಗೊಳ್ಳಬೇಕು ಅಂತಿದ್ದೀರಿ. ಫೋರ್ ವೀಲ್, ಅಂದರೆ ನಾಲ್ಕೂ ಚಕ್ರಕ್ಕೆ ಎಂಜಿನ್ನಿನ ಎಳೆತ, ಇಲ್ಲದಿದ್ದರೆ ಮಳೆಗಾಲದಲ್ಲಿ ಗಾಡಿ ಶೆಡ್ಡಲ್ಲೇ ಇರುತ್ತೆ ಅಂತ ನಿಮ್ಮ ಮಾವನವರು ಹೇಳಿದ್ದಾರೆ, ಎರಡೇ ಚಕ್ರ ಎಳೆಯುವ ಟು ವೀಲ್ ಸಾಕು ಅಂತ ಶೋರೂಮಿನವರು ಹೇಳಿದ್ದಾರೆ. ಹೆಚ್ಚಿನ ದುಡ್ಡು ಕೊಡಬೇಕೋ ಬೇಡವೋ?

ನಾನು ಕಳಸದ ಹತ್ತಿರ ಕಾಫಿ, ಅಡಿಕೆ, ಮೆಣಸು ಬೆಳೆಯುತ್ತೇನೆ. ಹಿಂದಿನ ಚಕ್ರಕ್ಕೆ ಮಾತ್ರ ಎಳೆತ ಇರುವ ಪಿಕಪ್ಪನ್ನು ಒಂಬತ್ತು ವರ್ಷ ಓಡಿಸಿದೆ. ಈಗ ಐದು ವರ್ಷದಿಂದ ಫೋರ್ ವೀಲ್ ಇದೆ. ಎರಡನ್ನೂ ಅದೇ ದಾರಿಯಲ್ಲಿ, ಅದೇ ಮಳೆಯಲ್ಲಿ ಓಡಿಸಿದವನಾಗಿ ಹೇಳುತ್ತೇನೆ: ಇನ್ನೂ ಮುಂಗಡ ಕೊಡಬೇಡಿ. ಮೊದಲು ನಿಮ್ಮ ಒಂದೂವರೆ ಕಿಲೋಮೀಟರಿನಲ್ಲಿ ಅತಿ ಕೆಟ್ಟ ನೂರು ಅಡಿ ಯಾವುದು ಅಂತ ಪತ್ತೆ ಮಾಡಿ. ಉಳಿದ ದಾರಿ ಹೇಗಿದ್ದರೂ ನಡೆಯುತ್ತದೆ, ತೀರ್ಮಾನ ಆಗಬೇಕಾದ್ದು ಆ ನೂರು ಅಡಿಯಲ್ಲಿ.

ತೋಟದ ಕೆಲಸದ ಲೆಕ್ಕ ಹಾಕಿದರೆ ಒಂದು ವಿಷಯ ಕಾಣುತ್ತದೆ. ಅರೇಬಿಕಾ ಕೊಯ್ಲು ನವೆಂಬರಿನಿಂದ ಜನವರಿ, ರೋಬಸ್ಟಾ ಜನವರಿಯಿಂದ ಮಾರ್ಚ್, ಅದರ ಬೆನ್ನಿಗೇ ಮೆಣಸು. ಅಂದರೆ ನಿಮ್ಮ ಗಾಡಿ ಮೈತುಂಬ ಲೋಡು ಹೊರುವ ತಿಂಗಳುಗಳಲ್ಲಿ ದಾರಿ ಒಣಗಿರುತ್ತದೆ, ಧೂಳು ಏಳುತ್ತಿರುತ್ತದೆ. ಚೆರ್ರಿ ಮೂಟೆ ಹೇರಿಕೊಂಡು ಟು ವೀಲ್ ಪಿಕಪ್ ಆ ದಾರಿಯಲ್ಲಿ ಆರಾಮಾಗಿ ಓಡಾಡುತ್ತದೆ. ಆರಿದ್ರಾದಿಂದ ಮಘೆಯವರೆಗಿನ ಮಳೆಯಲ್ಲಿ ಹೊರುವುದು ಏನು? ಗೊಬ್ಬರ, ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣಕ್ಕೆ ಬೇಕಾದ ಮೈಲುತುತ್ತ, ಸುಣ್ಣ, ಮನೆ ಸಾಮಾನು, ಡೀಸೆಲ್ ಕ್ಯಾನು. ಬಹಳ ಸಲ ಬರೀ ಗಾಡಿ.

ಈ ಬರೀ ಗಾಡಿಯೇ ತೊಂದರೆಯ ಮೂಲ. ಪಿಕಪ್ಪಿನಲ್ಲಿ ಎಂಜಿನ್ನು, ಕ್ಯಾಬಿನ್ನು ಎಲ್ಲ ಮುಂದೆ. ಹಿಂದಿನ ಪಟ್ಟಿ ಸ್ಪ್ರಿಂಗು ಟನ್ನುಗಟ್ಟಲೆ ಭಾರಕ್ಕೆ ಅಂತ ಮಾಡಿದ್ದು. ತೊಟ್ಟಿ ಖಾಲಿ ಇದ್ದಾಗ ಹಿಂದಿನ ಚಕ್ರದ ಮೇಲೆ ಭಾರವೇ ಇರುವುದಿಲ್ಲ, ಎಳೆಯಬೇಕಾದ ಚಕ್ರಗಳೂ ಅವೇ. ಜೊತೆಗೆ ಎರಡು ಹಿಂದಿನ ಚಕ್ರಕ್ಕೆ ಎಳೆತ ಹಂಚುವ ಡಿಫರೆನ್ಷಿಯಲ್ ಸಾಮಾನ್ಯದ್ದಾಗಿದ್ದರೆ, ಒಂದು ಹಿಂದಿನ ಚಕ್ರ ಕೆಸರಿಗೆ ಇಳಿದ ಕೂಡಲೇ ಅದು ಗಿರಗಿರ ತಿರುಗುತ್ತದೆ, ಗಟ್ಟಿ ನೆಲದ ಮೇಲಿರುವ ಇನ್ನೊಂದು ಸುಮ್ಮನೆ ನಿಲ್ಲುತ್ತದೆ. ಲೋಡು ಹಾಕಿದರೆ ಗಾಡಿ ಹತ್ತುವುದಿಲ್ಲ ಅಂತ ಹೊಸಬರು ಹೆದರುತ್ತಾರೆ. ನಮ್ಮ ಜಾರು ಏರುಗಳಲ್ಲಿ ನಾನು ಕಂಡದ್ದು ಇದಕ್ಕೆ ಉಲ್ಟಾ. ಹದವಾದ ಲೋಡಿದ್ದ ದಿನ ಹತ್ತಿದ ಏರನ್ನು ಮರುದಿನ ಖಾಲಿ ಗಾಡಿ ಹತ್ತಲಿಲ್ಲ.

ಅದಕ್ಕೆ ನಾನು ಮಾಡಿಕೊಂಡ ಉಪಾಯ ಆರು ಮೂಟೆ ಮರಳು. ಜೂನ್ ಮೊದಲ ವಾರ ತೊಟ್ಟಿಗೆ ಹಾಕಿದರೆ ಮಳೆ ಬಿಡುವವರೆಗೆ ಇಳಿಸುತ್ತಿರಲಿಲ್ಲ. ಸರಿಯಾಗಿ ಹಿಂದಿನ ಆಕ್ಸಲಿನ ಮೇಲೆ ಬರಬೇಕು, ಜಾರದಂತೆ ಹಗ್ಗ ಬಿಗಿದಿರಬೇಕು. ತೀರಾ ಹಿಂದಕ್ಕೆ, ಡಾಲಾ ಬಾಗಿಲಿನ ಹತ್ತಿರ ಹಾಕಿದರೆ ಮುಂಭಾಗ ಹಗುರವಾಗಿ ಸ್ಟೇರಿಂಗ್ ಹಿಡಿತ ತಪ್ಪುತ್ತದೆ. ಎರಡನೆಯದು ಟೈರು. ಹೊಸ ಗಾಡಿಯ ಜೊತೆ ಬರುವ ಟೈರು ಡಾಂಬರಿಗೆ ಹೇಳಿಮಾಡಿಸಿದ್ದು, ನಮ್ಮ ಕೆಂಪು ಜೇಡಿಯಲ್ಲಿ ಅದರ ಗೆರೆಗಳೆಲ್ಲ ಹತ್ತೇ ಮಾರಿಗೆ ಮುಚ್ಚಿಹೋಗುತ್ತವೆ. ಹಿಂದಕ್ಕೆ ಎರಡು ದಪ್ಪ ಹಲ್ಲಿನ ಟೈರು ಹಾಕಿಸಿದ ಮೇಲೆ ನನ್ನ ಹಳೆಯ ಟು ವೀಲ್ ಬೇರೆಯೇ ಗಾಡಿಯಾಯಿತು. ಹಲ್ಲು ಸವೆದ ಟೈರಿನ ಫೋರ್ ವೀಲ್ ಗಾಡಿ ನಿಂತ ಕಡೆ ಅದು ಹತ್ತಿಹೋದದ್ದನ್ನು ನಾನೇ ನೋಡಿದ್ದೇನೆ. ತೀರಾ ಕೆಟ್ಟ ದಿನಕ್ಕೆ ಚೈನು ಇತ್ತು. ಚೈನು ಹಾಕಿಕೊಂಡು ಡಾಂಬರಿನ ಮೇಲೆ ಮಾತ್ರ ಹೋಗಬೇಡಿ, ಟೈರೂ ಹಾಳು, ರಸ್ತೆಯೂ ಹಾಳು.

ಹಾಗಾದರೆ ಒಂಬತ್ತು ವರ್ಷದ ಮೇಲೆ ಯಾಕೆ ಬದಲಾಯಿಸಿದೆ ಅಂತ ಕೇಳುತ್ತೀರಿ.

ನಮ್ಮ ದಾರಿಯಲ್ಲಿ ಒಂದು ಹಳ್ಳದ ಮೋರಿ ಇದೆ. ಅದನ್ನು ದಾಟಿದ ಕೂಡಲೇ ಎಡಕ್ಕೆ ತಿರುವು, ತಿರುವಿನಲ್ಲೇ ಕಡಿದಾದ ಏರು. ಓಟ ತಗೊಂಡು ಹತ್ತೋಣ ಅಂದರೆ ತಿರುವು ಬಿಡುವುದಿಲ್ಲ. ನನ್ನ ನೂರು ಅಡಿ ಅದು. ಒಂದು ಜೂನಿನಲ್ಲಿ ಮರಗಸಿ, ಅಂದರೆ ನೆರಳು ಮರದ ಕೊಂಬೆ ಸವರುವ ಕೆಲಸ, ಮಾಡುತ್ತಿದ್ದ ನಮ್ಮ ಕೆಲಸದವರೊಬ್ಬರು ಮರದಿಂದ ಬಿದ್ದರು. ತೊಡೆಯ ಮೂಳೆ ಮುರಿದಿತ್ತು. ಕ್ಯಾಬಿನ್ನಿನಲ್ಲಿ ಮಲಗಿಸಿಕೊಂಡು ಹೊರಟೆ. ಮರಳು ಮೂಟೆಯೂ ಇತ್ತು, ಹಲ್ಲಿನ ಟೈರೂ ಇತ್ತು, ಆದರೂ ಆ ತಿರುವಿನಲ್ಲಿ ಹಿಂದಿನ ಚಕ್ರ ತಿರುಗಿದಲ್ಲೇ ತಿರುಗಿ ಗಾಡಿ ಅಡ್ಡಡ್ಡ ಜಾರತೊಡಗಿತು. ನಾಲ್ಕು ಸಲ ನೋಡಿದೆ. ಕೊನೆಗೆ ಎರಡು ಬಿದಿರಿಗೆ ಕಂಬಳಿ ಕಟ್ಟಿ, ಸುರಿಯುವ ಮಳೆಯಲ್ಲಿ ಅವರನ್ನು ಹೊತ್ತುಕೊಂಡು ಏರು ಹತ್ತಿದೆವು. ಮೇಲೆ ಪಕ್ಕದ ತೋಟದವರ ಹಳೇ ಜೀಪು ಬಂದು ಕಾಯುತ್ತಿತ್ತು. ಪ್ರತಿ ಹೆಜ್ಜೆಗೂ ಅವರು ನರಳಿದ್ದು ಈಗಲೂ ನನ್ನ ಕಿವಿಯಲ್ಲಿದೆ. ಕೆಲಸದವರು ಇರುವ ನಮ್ಮ ಲೈನಿನ ಆರು ಮನೆಗಳಿಗೆ ಮಳೆಗಾಲದಲ್ಲಿ ಆಸ್ಪತ್ರೆಗೆ ಹೋಗಲು ಇರುವುದು ನನ್ನ ಗಾಡಿಯೊಂದೇ. ಮುಂದಿನ ಬೇಸಿಗೆಯಲ್ಲಿ ಹಳೆಯದನ್ನು ಕೊಟ್ಟು ಸೆಕೆಂಡ್ ಹ್ಯಾಂಡ್ ಫೋರ್ ವೀಲ್ ತಂದೆ. ಈಗ ಮೋರಿಯ ಹತ್ತಿರ ನಿಲ್ಲಿಸಿ, ನಿಧಾನವಾಗಿ ಹೆಚ್ಚು ಬಲದಿಂದ ಎಳೆಯುವ ಲೋ ರೇಂಜ್ ಗೇರು ಹಾಕಿ, ಆಕ್ಸಿಲರೇಟರ್ ಹೆಚ್ಚು ಒತ್ತದೆ ಮೆಲ್ಲಗೆ ಹತ್ತುತ್ತೇನೆ. ಮುಂದಿನ ಚಕ್ರವೂ ಎಳೆಯುವುದರಿಂದ ಗಾಡಿ ಸ್ಟೇರಿಂಗ್ ತಿರುಗಿಸಿದ ಕಡೆಗೇ ಹೋಗುತ್ತದೆ.

ಇಷ್ಟಾದರೂ ಫೋರ್ ವೀಲ್ ಏನು ಮಾಡುವುದಿಲ್ಲ ಅಂತ ತಿಳಿದುಕೊಂಡು ತಗೊಳ್ಳಿ. ಅದು ಗಾಡಿಯನ್ನು ಹೊರಡಿಸುತ್ತದೆ, ನಿಲ್ಲಿಸುವುದಿಲ್ಲ. ಬ್ರೇಕು ಎಲ್ಲ ಗಾಡಿಗೂ ನಾಲ್ಕು ಚಕ್ರಕ್ಕೇ ಇರುವುದು. ಹೊಸತರಲ್ಲಿ, ಪುನರ್ವಸು ಮಳೆ ಹಿಡಿದಿದ್ದ ಒಂದು ಸಂಜೆ, ಫೋರ್ ವೀಲ್ ಇದೆ ಎಂಬ ಧೈರ್ಯದಲ್ಲಿ ಇಳಿಜಾರಿನಲ್ಲಿ ಬ್ರೇಕ್ ಒತ್ತಿದೆ. ಚಕ್ರ ಹಿಡಿದುಕೊಂಡು ಗಾಡಿ ಇಪ್ಪತ್ತು ಅಡಿ ಜಾರಿ ಕಾಫಿ ಗಿಡದೊಳಗೆ ನುಗ್ಗಿತು. ಇಳಿಯುವಾಗ ಲೋ ರೇಂಜ್, ಒಂದನೇ ಗೇರು, ಕ್ಲಚ್ ಮೇಲೆ ಕಾಲಿಡಬಾರದು. ಎಂಜಿನ್ನೇ ಗಾಡಿಯನ್ನು ಹಿಡಿದುಕೊಂಡು ಇಳಿಸುತ್ತದೆ. ನನ್ನ ಮಟ್ಟಿಗೆ ಈ ಲೋ ರೇಂಜು ಹತ್ತುವುದಕ್ಕಿಂತ ಇಳಿಯುವುದಕ್ಕೇ ಹೆಚ್ಚು ಉಪಯೋಗಕ್ಕೆ ಬಂದಿದೆ.

ಇನ್ನೊಂದು, ನಮ್ಮ ಪಿಕಪ್ಪುಗಳಲ್ಲಿ ಸಾಮಾನ್ಯವಾಗಿ ಇರುವುದು ಬೇಕೆಂದಾಗ ಹಾಕಿಕೊಳ್ಳುವ ಫೋರ್ ವೀಲ್. ಹಾಕಿದಾಗ ಮುಂದಿನ ಆಕ್ಸಲೂ ಹಿಂದಿನ ಆಕ್ಸಲೂ ಒಂದಕ್ಕೊಂದು ಬಿಗಿದುಕೊಳ್ಳುತ್ತವೆ. ತಿರುವಿನಲ್ಲಿ ಮುಂದಿನ ಚಕ್ರಗಳು ಹಿಂದಿನವಕ್ಕಿಂತ ಹೆಚ್ಚು ದೂರ ಉರುಳಬೇಕಾಗುತ್ತದೆ. ಕೆಸರಿನಲ್ಲಿ ಚಕ್ರ ಸ್ವಲ್ಪ ಜಾರಿ ಆ ವ್ಯತ್ಯಾಸ ಸರಿಹೋಗುತ್ತದೆ. ಒಣ ಡಾಂಬರಿನಲ್ಲಿ ಜಾರಲು ಜಾಗವಿಲ್ಲ. ಸ್ಟೇರಿಂಗ್ ಬಿಗಿಯುತ್ತದೆ, ಟೈರು ಸವೆಯುತ್ತದೆ, ಗೇರಿನ ಮೇಲೆ ಒತ್ತಡ ಬೀಳುತ್ತದೆ. ಆದ್ದರಿಂದ ಡಾಂಬರು ಸಿಕ್ಕ ಕೂಡಲೇ ತೆಗೆಯಬೇಕು. ಚಾರ್ಮಾಡಿಯಾಗಲಿ ಹದಿನಾಲ್ಕು ತಿರುವಿನ ಆಗುಂಬೆಯಾಗಲಿ ಡಾಂಬರು ರಸ್ತೆ. ಘಾಟಿ ಇಳಿಯಬೇಕು ಅನ್ನುವ ಕಾರಣಕ್ಕೆ ಯಾರೂ ಫೋರ್ ವೀಲ್ ತಗೊಳ್ಳಬೇಕಿಲ್ಲ. ಕೊಡಗಿನ ಮಾಂದಲಪಟ್ಟಿ ಬೆಟ್ಟಕ್ಕೆ ಪ್ರವಾಸಿಗರನ್ನು ಹತ್ತಿಸುವ ಜೀಪುಗಳನ್ನು ನೋಡಿ ಆಸೆಪಡುವವರೂ ಇದ್ದಾರೆ. ಅವು ದಿನಾ ಅದೇ ಕೆಲಸ ಮಾಡುವ ಗಾಡಿಗಳು, ನಿಮ್ಮ ದಾರಿಯನ್ನು ಅದಕ್ಕೆ ಹೋಲಿಸಬೇಡಿ.

ಬಯಲುಸೀಮೆಯವರು ಇದನ್ನು ಓದುತ್ತಿದ್ದರೆ ಒಂದು ಮಾತು. ನವಲಗುಂದದ ಎರೆ ಹೊಲಕ್ಕೆ ಈ ಲೆಕ್ಕ ಹೊಂದುವುದಿಲ್ಲ. ಹಸಿ ಎರೆ ಮಣ್ಣು ಟೈರಿಗೆ ರೊಟ್ಟಿ ಹಿಟ್ಟಿನ ಹಾಗೆ ಮೆತ್ತಿಕೊಂಡರೆ ನಾಲ್ಕೂ ಚಕ್ರ ಒಟ್ಟಿಗೇ ಸೋಲುತ್ತವೆ. ಅಲ್ಲಿ ಗಾಡಿಯನ್ನು ರಸ್ತೆಯಲ್ಲೇ ಬಿಟ್ಟು ಟ್ರ್ಯಾಕ್ಟರಿನಲ್ಲಿ ಹೋಗುವುದೇ ಸರಿ.

ಖರ್ಚು ತಗೊಳ್ಳುವಾಗಿನ ದುಡ್ಡಿಗೆ ಮುಗಿಯುವುದಿಲ್ಲ. ಟ್ರಾನ್ಸ್‌ಫರ್ ಕೇಸಿನ (ಎಳೆತವನ್ನು ಮುಂದಿನ ಚಕ್ರಕ್ಕೂ ಹಂಚುವ ಗೇರು ಪೆಟ್ಟಿಗೆಯ) ಆಯಿಲು, ಮುಂದಿನ ಡಿಫರೆನ್ಷಿಯಲ್ ಆಯಿಲು, ಮುಂದಿನ ಶಾಫ್ಟಿನ ಜಾಯಿಂಟುಗಳು, ಸೀಲುಗಳು ಎಲ್ಲ ಹೆಚ್ಚುವರಿ. ಹಳ್ಳದಲ್ಲಿ ಆಕ್ಸಲ್ ಮುಳುಗುವಷ್ಟು ನೀರು ದಾಟಿದ್ದರೆ ಆಯಿಲು ನೋಡಿಸಿ, ಹಾಲು ಬೆರೆತಂತೆ ಬೆಳ್ಳಗಾಗಿದ್ದರೆ ನೀರು ಹೊಕ್ಕಿದೆ ಅಂತಲೇ ಲೆಕ್ಕ. ಬೇಸಿಗೆಯಲ್ಲೂ ತಿಂಗಳಿಗೊಮ್ಮೆ ಮಣ್ಣು ದಾರಿಯಲ್ಲಿ ಸ್ವಲ್ಪ ದೂರ ಫೋರ್ ವೀಲ್ ಹಾಕಿ ಓಡಿಸಬೇಕು. ವರ್ಷವಿಡೀ ಮುಟ್ಟದೆ ಬಿಟ್ಟರೆ ಬೇಕಾದ ದಿನ ಬೀಳುವುದಿಲ್ಲ.

ಈಗ ನಿಮ್ಮ ನೂರು ಅಡಿಗೆ ಬರುತ್ತೇನೆ. ಆರು ಎಕರೆಯವರಿಗೆ ನಾನು ಮೊದಲು ಹೇಳುವುದು ಆ ಜಾಗವನ್ನೇ ಸರಿಮಾಡಿ ಅಂತ. ಏರಿನ ಪಕ್ಕದಲ್ಲಿ ಚರಂಡಿ ತೆಗೆಸಿ, ಮೇಲಿಂದ ಬರುವ ನೀರು ದಾರಿಗೆ ಇಳಿಯದಂತೆ ಅಡ್ಡಗಾಲುವೆಯಲ್ಲಿ ತೋಟದ ಕಡೆ ತಿರುಗಿಸಿ. ಚಕ್ರ ಹೋಗುವ ಎರಡು ಸಾಲಿಗೆ ಮಾತ್ರ ಸೈಜುಗಲ್ಲು ಹಾಸಿ ಅಥವಾ ಎರಡು ಪಟ್ಟಿ ಕಾಂಕ್ರೀಟು ಹಾಕಿಸಿ; ಹಿಡಿತ ಸಿಗಲು ಹಸಿ ಇರುವಾಗಲೇ ಅಡ್ಡಗೆರೆ ಎಳೆಸಿ. ಫೋರ್ ವೀಲಿಗೆ ಕೊಡುವ ಹೆಚ್ಚಿನ ದುಡ್ಡನ್ನೂ ಈ ಕೆಲಸದ ಅಂದಾಜನ್ನೂ ಪಕ್ಕಪಕ್ಕ ಇಟ್ಟು ನೋಡಿ. ಕೆಟ್ಟ ಜಾಗ ಒಂದೋ ಎರಡೋ ಇದ್ದರೆ ಕಾಂಕ್ರೀಟೇ ಮೇಲು. ನಿಮ್ಮ ಟು ವೀಲೂ ಹತ್ತುತ್ತದೆ, ನೆಂಟರ ಕಾರೂ, ಗ್ಯಾಸ್ ತರುವ ಆಟೋವೂ, ಅವಸರಕ್ಕೆ ಆಂಬುಲೆನ್ಸೂ ಹತ್ತುತ್ತದೆ. ನನಗೆ ಆ ಅವಕಾಶ ಇರಲಿಲ್ಲ. ಮೋರಿಯ ತಿರುವು ಬೇರೆಯವರ ಜಾಗದಲ್ಲಿದೆ, ಒಪ್ಪಿಗೆ ಸಿಗಲಿಲ್ಲ. ನಿಮ್ಮದೂ ಹಾಗೇ ಆಗಿದ್ದರೆ, ಅಥವಾ ಒಂದೂವರೆ ಕಿಲೋಮೀಟರ್ ಪೂರ್ತಿ ಜೇಡಿ ಏರಾಗಿದ್ದರೆ, ಅಥವಾ ಮನೆಯಲ್ಲಿ ವಯಸ್ಸಾದವರು, ಬಸುರಿ ಬಾಣಂತಿಯರು ಇದ್ದು ಬೇರೆ ಗಾಡಿ ಹತ್ತಿರದಲ್ಲಿ ಇಲ್ಲದಿದ್ದರೆ, ಮಾವನವರ ಮಾತನ್ನೇ ಕೇಳಿ. ಅವರು ಆ ದಾರಿಯಲ್ಲಿ ನಡೆದವರು, ಶೋರೂಮಿನವರು ನಡೆದಿಲ್ಲ.

ಆಯ್ಕೆ ಹೆಚ್ಚೇನೂ ಇಲ್ಲ. ಟಾಟಾ ಏಸ್, ಅಶೋಕ್ ಲೇಲ್ಯಾಂಡ್ ದೋಸ್ತ್‌ನಂಥ ಚಿಕ್ಕ ಗಾಡಿಗಳಲ್ಲಿ ಫೋರ್ ವೀಲ್ ಬರುವುದಿಲ್ಲ. ಮಹೀಂದ್ರಾ ಬೊಲೆರೊ ಕ್ಯಾಂಪರ್, ಟಾಟಾ ಯೋಧಾದಲ್ಲಿ ಫೋರ್ ವೀಲ್ ಮಾದರಿ ಬಂದಿವೆ. ಇಸುಜು ವಿ-ಕ್ರಾಸ್ ಎರಡೂ ಬಗೆಯಲ್ಲಿ ಬಂದಿದೆ. ಟೊಯೊಟಾ ಹೈಲಕ್ಸ್ ಫೋರ್ ವೀಲಿನಲ್ಲೇ ಬಂದದ್ದು, ಆದರೆ ಆರು ಎಕರೆಗೆ ಆ ಬೆಲೆ ಹೊರೆ ಅಂತ ನನ್ನ ಅಭಿಪ್ರಾಯ.

ಸೆಕೆಂಡ್ ಹ್ಯಾಂಡ್ ನೋಡುವುದಾದರೆ ಡಾಂಬರಿನ ಮೇಲೆ ಒಂದು ಸುತ್ತು ಹೊಡೆದು ಒಪ್ಪಬೇಡಿ. ಮಣ್ಣಿನ ಏರಿಗೆ ಒಯ್ದು ಫೋರ್ ಹೈ (ಮಾಮೂಲಿ ವೇಗದ ಫೋರ್ ವೀಲ್), ಫೋರ್ ಲೋ (ಲೋ ರೇಂಜ್) ಎರಡೂ ಹಾಕಿ, ಹೊರಗೆ ಒಬ್ಬರನ್ನು ನಿಲ್ಲಿಸಿ ಮುಂದಿನ ಚಕ್ರ ನಿಜವಾಗಿ ಎಳೆಯುತ್ತಿದೆಯೇ ಅಂತ ನೋಡಿಸಿ. ನಾನು ತಗೊಳ್ಳುವ ಮೊದಲು ನೋಡಿದ ಒಂದು ಗಾಡಿಯಲ್ಲಿ ಲಿವರ್ ಇತ್ತು, ಕೆಳಗೆ ಬಗ್ಗಿ ನೋಡಿದರೆ ಮುಂದಿನ ಶಾಫ್ಟನ್ನೇ ಬಿಚ್ಚಿಟ್ಟಿದ್ದರು.